ಜೋಬ್‌ನ ಗೆರೆ

ಡಾರ್ಕಸಳ ಅಡುಗೆಮನೆಯ ಗೋಡೆಗೆ ಎಷ್ಟು ಸಲ ಬಣ್ಣ ಹೊಡೆದರೂ, ಅಲ್ಲಿನ ಗೇಣಗಲದ ಜಾಗವೊಂದಕ್ಕೆ ಇವತ್ತಿಗೂ ಕುಂಚ ತಾಕಿಲ್ಲ. ಅಲ್ಲಿ ಅಡ್ಡಕ್ಕೆ ಒಂದು ಪೆನ್ಸಿಲ್ ಗೆರೆ; ಅದನ್ನು ಹಾದು ಮೇಲಿಂದ ಕೆಳಕ್ಕೆ ಕೂದಲೆಳೆಯಂಥ ಒಂದು ಸಂದು. ಚಹಾಕ್ಕೆ ನೀರಿಟ್ಟು ಕುದಿಯಲೆಂದು ಕಾಯುವಾಗ ಅವಳ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಹೋದರೆ ಸಾಕು, ಅವಳಿಗೆ ಮತ್ತೆ ಹತ್ತೊಂಬತ್ತು ವರ್ಷ. ಮೂಗಿನ ತುಂಬ ಪೈನ್ ಮರದ ಪುಡಿಯ ಘಮ.

ಆ ಬೇಸಿಗೆಯಲ್ಲಿ ನ್ಯೂಫೌಂಡ್‌ಲ್ಯಾಂಡಿನ ಅವರ ದ್ವೀಪವೇ ಖಾಲಿಯಾಗುತ್ತಿತ್ತು. ಶಾಲೆ ಮುಚ್ಚಿತ್ತು, ಪಾದ್ರಿ ಹೋಗಿ ವರ್ಷವಾಗಿತ್ತು. ಜನ ಹೋಗುವಾಗ ಮರದ ಮನೆಯನ್ನೂ ಜೊತೆಗೆ ಕರೆದುಕೊಂಡೇ ಹೋಗುತ್ತಿದ್ದರು: ಖಾಲಿ ಪೀಪಾಯಿ ಕಟ್ಟಿ ನೀರಿಗಿಳಿಸುವುದು, ದೋಣಿಗಳಿಂದ ಆಚೆ ದಡಕ್ಕೆ ಎಳೆಯುವುದು. ಅಜ್ಜಿ ಕೆಜಾಯಳ ಮನೆ ಮಾತ್ರ ಇಡಿಯಾಗಿ ಎಳೆಯಲಾಗದಷ್ಟು ಉದ್ದ. ಅದನ್ನು ಎರಡಾಗಿ ಕೊಯ್ದು ಆಚೆ ಮತ್ತೆ ಕೂಡಿಸಬೇಕಿತ್ತು.

ದ್ವೀಪದ ಬಡಗಿಯೆಂದರೆ ಅಜ್ಜಿಯ ಮಗ, ಡಾರ್ಕಸಳ ಚಿಕ್ಕಪ್ಪ ಎಲ್ಯಾಜರ್. ಅವನ ಕಣ್ಣಿಗೆ ಪೊರೆ ಬಂದು ಗೆರೆ ಕಾಣುತ್ತಿರಲಿಲ್ಲ. ಐದು ವರ್ಷ ಅವನ ಪಕ್ಕದಲ್ಲಿ ನಿಂತು ಹಲಗೆ ಕೊಯ್ದವಳು ಡಾರ್ಕಸ್ ಒಬ್ಬಳೇ. ಹಾಗಾಗಿ ಗರಗಸ ಅವಳ ಕೈಗೆ ಬಂತು. ಮಾಡು, ನೆಲ, ಮುಂದಿನ ಗೋಡೆ ಮೂರು ದಿನದಲ್ಲಿ ಮುಗಿದವು. ಉಳಿದದ್ದು ಹಿಂದಿನ ಗೋಡೆ, ಅಡುಗೆಮನೆಯದು.

ನೀಲಿ ಪುಡಿ ಸವರಿದ ದಾರವನ್ನು ಮೇಲೊಬ್ಬರು ಕೆಳಗೊಬ್ಬರು ಬಿಗಿಹಿಡಿದು ಚಿಮ್ಮಿದರು. ಬಿದ್ದ ನೀಲಿ ಗೆರೆ ನೇರವಾಗಿ ಜೋಬ್‌ನ ಗೆರೆಯ ಮೇಲೆಯೇ ಹಾದುಹೋಯಿತು.

ಜೋಬ್ ಅಜ್ಜಿಯ ಕಿರಿಮಗ. ಮೊದಲ ಸಲ ಮೀನಿಗೆ ಹೊರಟ ಬೆಳಗ್ಗೆ ಅಜ್ಜ ಅವನನ್ನು ಗೋಡೆಗೊರಗಿಸಿ, ತಲೆಯ ಮೇಲೆ ಬಡಗಿಯ ಮಟ್ಟದ ಹಲಗೆಯನ್ನು ಸಮನಾಗಿ ಇಟ್ಟು, ಅವನ ಎತ್ತರಕ್ಕೆ ಅಡ್ಡಗೆರೆ ಎಳೆದಿದ್ದ. ಆ ದೋಣಿ ಹಿಂದಿರುಗಲಿಲ್ಲ.

"ಚಿಕ್ಕಪ್ಪ, ಕೊಯ್ಯೋದನ್ನ ಇಲ್ಲಿ ಒಂದು ಬೆರಳು ಆಚೆಗೆ ತಿರುಗಿಸ್ಲಾ?" ಎಂದಳು ಡಾರ್ಕಸ್.

"ಗೋಡೆ ಏನು ನಿನ್ನ ಲಂಗದ ಅಂಚಾ, ಬೇಕಾದ ಕಡೆ ಮಡಚೋಕೆ?"

"ಜೋಬ್ ಚಿಕ್ಕಪ್ಪನ ಗೆರೆ ಗರಗಸದ ಹಲ್ಲಿಗೆ ಸಿಗುತ್ತೆ."

ಎಲ್ಯಾಜರ್ ದಾರ ಸುತ್ತತೊಡಗಿದ. ಬೆಂಚಿನ ಮೇಲೆ ರೊಟ್ಟಿಗೆ ಕಾಕಂಬಿ ಸವರುತ್ತಿದ್ದ ಅಜ್ಜಿ ತಲೆಯೆತ್ತದೆಯೇ ಹೇಳಿದಳು:

"ನೋಡೇ, ನೀನು ಡೊಂಕು ಕೊಯ್ದು ಸಂದಿಯಲ್ಲಿ ಗಾಳಿ ನುಗ್ಗಿದ್ರೆ ಚಳಿಗಾಲ ಪೂರ್ತಿ ಹಲ್ಲು ಕಡಿಯೋಳು ನಾನು. ಇರೋದೇ ಮೂರು ಹಲ್ಲು."

"ಅದರ ಮೇಲೆ ಗರಗಸ ಇಡೋಕೆ ಕೈ ಬರಲ್ಲ ಅಜ್ಜಿ."

"ಗೋಡೆ ನೋಡ್ಬೇಡ. ಗರಗಸದೊಳಗೆ ನೋಡು, ನಿಮ್ಮಜ್ಜ ನೋಡ್ತಿದ್ದ ಹಾಗೆ."

ಅದು ಅಜ್ಜನ ಗರಗಸ. ಶನಿವಾರ ಶನಿವಾರ ಅಜ್ಜಿ ಅದಕ್ಕೆ ಬೂದಿ ತಿಕ್ಕಿ, ಎಣ್ಣೆ ಒರೆಸಿ ಕನ್ನಡಿ ಮಾಡಿಟ್ಟಿದ್ದಳು. ಕೊಯ್ಯುವಾಗ ಹಲಗೆಯ ಅಂಚು ಅದರೊಳಗೆ ಕಾಣುತ್ತದೆ. ಹೊರಗಿನ ಅಂಚೂ ಒಳಗಿನ ಬಿಂಬದ ಅಂಚೂ ಒಂದೇ ಸಮನಾಗಿ ಸಾಗಿದರೆ ಕೈ ನೆಟ್ಟಗಿದೆ. ನಡುವೆ ಮುರಿದಂತೆ ಕಂಡರೆ ಕೈ ವಾಲಿದೆ.

ಹೆಬ್ಬೆರಳಿನ ಗೆಣ್ಣನ್ನು ಆಸರೆಯಾಗಿಟ್ಟು ಡಾರ್ಕಸ್ ಮೊದಲು ನಾಲ್ಕು ಸಲ ಗರಗಸವನ್ನು ಹಿಂದಕ್ಕೆಳೆದಳು. ಹಲ್ಲು ಕಚ್ಚಿತು. ಆಮೇಲೆ ಒತ್ತಲಿಲ್ಲ, ಗರಗಸ ತನ್ನ ಪಾಡಿಗೆ ತಾನು ಉಣ್ಣಲಿ ಎಂದು ಬಿಟ್ಟಳು. ಜೋಬ್‌ನ ಗೆರೆ ಹತ್ತಿರವಾದಂತೆ ಅವಳ ಕಣ್ಣು ಮಂಜಾಯಿತು.

"ಸದ್ದು ಬದಲಾಯ್ತು," ಎಂದ ಎಲ್ಯಾಜರ್. "ಹಿಡಿ ಹಿಸುಕ್ತಿದ್ದೀಯ. ಹಕ್ಕಿಮರಿ ಹಿಡಿದ ಹಾಗೆ ಹಿಡಿ."

ಅವಳು ತೋಳಿನಿಂದ ಕಣ್ಣೊರೆಸಿ ಗರಗಸದೊಳಗೆ ನೋಡಿದಳು. ಅಲ್ಲಿ ಮನೆ ತುಂಡಾಗಿರಲೇ ಇಲ್ಲ. ಹಲಗೆ ಹಲಗೆಯಾಗಿಯೇ ಸಾಗಿತ್ತು. ಜೋಬ್‌ನ ಗೆರೆ ಬೆಳ್ಳಿಯ ನೀರಿಗಿಳಿದು, ಮುರಿಯದೆ, ಆಚೆಗೆ ಹೋಗುತ್ತಿತ್ತು. ಅದು ಹಾಗೆಯೇ ಕಾಣುತ್ತಿರಲಿ ಎಂಬ ಒಂದೇ ಆಸೆಯಿಂದ ಅವಳು ಕೊಯ್ದಳು. ಪುಡಿ ಉದುರಿತು. ಗರಗಸ ಗೆರೆಯನ್ನು ದಾಟಿತು.

ವಾರದ ಮೇಲೆ ಆಚೆ ದಡದಲ್ಲಿ ಎರಡು ಅರ್ಧಗಳೂ ಕಂಬಗಳ ಮೇಲೆ ಎದುರುಬದುರಾಗಿ ಕೂತವು. ದಡಕ್ಕೆ ಎಳೆಯುವಾಗ ನೆಲದ ಅಂಚೆಲ್ಲ ಜಜ್ಜಿಹೋಗಿತ್ತು. ಯಾವುದನ್ನು ಎಷ್ಟೆತ್ತರಕ್ಕೆ ನಿಲ್ಲಿಸಬೇಕೆಂದು ತಡವಿ ತಡವಿ ಎಲ್ಯಾಜರ್ ಸೋತ.

ಗಂಡಸರನ್ನು ಮೊಣಕೈಯಲ್ಲಿ ಸರಿಸಿಕೊಂಡು ಅಜ್ಜಿ ಮುಂದೆ ಬಂದಳು. "ಜೋಬ್‌ನ ಸೇರಿಸ್ರೋ. ಮನೆ ತಾನಾಗಿ ಸೇರುತ್ತೆ."

ಎಲ್ಯಾಜರ್ ಹಣೆ ಚಚ್ಚಿಕೊಂಡ. "ಅಪ್ಪ ಎಳೆದಿದ್ದು ಮಟ್ಟ ಹಿಡಿದೇ ಅಲ್ವಾ!"

ಡಾರ್ಕಸ್ ಗೆರೆಯ ಮಟ್ಟಕ್ಕೆ ಕಣ್ಣಿಟ್ಟು ಕೂಗತೊಡಗಿದಳು. "ಇನ್ನೊಂದು ಬೆಣೆ ಹೊಡೀರಿ. ಇನ್ನೊಂಚೂರು. ಸಾಕು, ಸಾಕು. ಈಗ ತಳ್ಳಿ."

ಹನ್ನೆರಡು ಜನ ಹೆಗಲು ಕೊಟ್ಟರು. ಗೆರೆಗೆ ಗೆರೆ ತಾಗಿತು.

ಅಜ್ಜಿ ಮುಡಿಯಿಂದ ಪಿನ್ನು ತೆಗೆದು ಸಂದಿಗೆ ಚುಚ್ಚಿದಳು. ಮೇಲೆ, ನಡುವೆ, ಕೆಳಗೆ. ಅದು ಎಲ್ಲಿಯೂ ಒಳಗೆ ಹೋಗಲಿಲ್ಲ. ಆಮೇಲೆ ಜೋಬ್‌ನ ಗೆರೆಯ ಮೇಲೆ ಹೆಬ್ಬೆರಳಾಡಿಸಿದಳು, ಈಚೆಯಿಂದ ಆಚೆಗೆ, ಮತ್ತೆ ಆಚೆಯಿಂದ ಈಚೆಗೆ.

"ಮನೆ ಉದ್ದದಲ್ಲಿ ಗರಗಸದ ಹಲ್ಲಿನ ಅಗಲದಷ್ಟು ಗಿಡ್ಡ ಆಯ್ತಮ್ಮ," ಎಂದ ಎಲ್ಯಾಜರ್.

"ನಾನೂ ಗಿಡ್ಡ ಆಗಿದ್ದೀನಿ," ಎಂದಳು ಅಜ್ಜಿ. "ಡಾರ್ಕಸ್, ಒಲೆ ಹಚ್ಚೇ. ಇವರಿಗೆಲ್ಲ ಚಹಾ ಆಗ್ಬೇಕು."