ಗೆರೆ ಬಿಟ್ಟ ಅಕ್ಷರ

ಹದಿನೆಂಟನೆಯ ಟೈಪ್‌ರೈಟರನ್ನು ಅಂಗಳದಲ್ಲಿ ಇಳಿಸಿ ಅಳಿಯ ಸೊಂಟ ಹಿಡಿದುಕೊಂಡು ನಿಂತ. ಒಳಗೆ ಇನ್ನೂ ಅಷ್ಟೇ ಇದ್ದವು. ಆಸ್ಪತ್ರೆಯಿಂದ ಮಾವನ ದೇಹ ಬರುವಷ್ಟರಲ್ಲಿ ಹಜಾರ ಖಾಲಿಯಾಗಬೇಕಿತ್ತು. ಮಲಗಿಸಲು ಜಾಗವೇ ಇರಲಿಲ್ಲ.

“ಒಂದೊಂದೂ ಹೆಣಭಾರ,” ಎಂದವನು ನಾಲಿಗೆ ಕಚ್ಚಿಕೊಂಡ.

“ಗುಜರಿಯವನಿಗೆ ಫೋನ್ ಮಾಡಿಬಿಡಪ್ಪ,” ಎಂದಳು ಅತ್ತೆ. “ನಿಮ್ಮ ಹಿಂದೇನೇ ಇವನ್ನೂ ಸಾಗಹಾಕ್ತೀನಿ ಅಂತ ಅವರಿಗೆ ಹೇಳೇ ಇದ್ದೆ.”

ಹನ್ನೆರಡು ವರ್ಷದಿಂದ ಅವಳು ತನ್ನ ಮನೆಯಲ್ಲೇ ಈ ಯಂತ್ರಗಳ ಸಂದಿಯಲ್ಲಿ ಓರೆಯಾಗಿ ಓಡಾಡಿದ್ದಳು. ಗಂಡ ಸತ್ತನೆಂದು ಆ ಸಿಟ್ಟೇನೂ ಇಳಿದಿರಲಿಲ್ಲ.

ಪ್ರತಿ ಯಂತ್ರದ ಉರುಳೆಗೂ ಒಂದು ಚೀಟಿ ಸಿಕ್ಕಿಸಿತ್ತು. ಅದರಲ್ಲಿ ಟೈಪು ಮಾಡಿದ ಒಂದು ಸಾಲು, ಕೆಳಗೆ ಪೆನ್ಸಿಲ್ಲಿನಲ್ಲಿ ‘ಇದಲ್ಲ’. ಎಲ್ಲದರಲ್ಲೂ ಅದೇ.

“ಏನಲ್ಲ?” ಎಂದ ಅಳಿಯ.

ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಮಾವನ ಗೆಳೆಯ, ಈ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಮುದಿ ಮೆಕ್ಯಾನಿಕ್, ಬಾಯಿಬಿಟ್ಟ. “ಯಾರಿಗೂ ಹೇಳಬೇಡ ಅಂದಿದ್ದ. ಇನ್ನು ಮುಚ್ಚಿಟ್ಟು ಏನು ಮಾಡಲಿ? ಅಕ್ಕಾ, ಅವನು ಹುಡುಕ್ತಿದ್ದದ್ದು ನೀವು ಟೈಪ್ ಮಾಡ್ತಿದ್ದ ಮಿಷನ್ನು. ನಿಮ್ಮ ಆಫೀಸಲ್ಲಿ ಹಳೇದೆಲ್ಲ ಹರಾಜು ಹಾಕಿದ್ರಲ್ಲ, ಅವತ್ತಿಂದ. ಒಂದಕ್ಷರ ಗೆರೆ ಬಿಟ್ಟು ಮೇಲೆ ಹಾರಬೇಕು, ಅದೇ ಗುರುತು ಅನ್ನೋನು. ಸಿಕ್ಕಿದ ದಿನ ನಿಮ್ಮ ಮುಂದೆ ತಂದಿಡಬೇಕು ಅಂತಿದ್ದ.”

ಅವಳು ಬಗ್ಗಿ ಹತ್ತಿರದ ಯಂತ್ರದ ಚೀಟಿಯ ಸಾಲು ಓದಿದಳು.

*

ಮದುವೆಗೆ ಮುಂಚೆ ಅವಳ ಗಂಡ ಕಾಗದದ ಗೋದಾಮಿನಲ್ಲಿ ಗುಮಾಸ್ತ. ಅವಳ ಆಫೀಸಿನಿಂದ ಬರುತ್ತಿದ್ದ ಕೆಲವು ಪತ್ರಗಳಲ್ಲಿ ಒಂದಕ್ಷರ ಮಾತ್ರ ಸಾಲಿನಿಂದ ತಲೆ ಎತ್ತಿ ನಿಲ್ಲುತ್ತಿತ್ತು. ಒಂದು ದಿನ ಪತ್ರ ಹಿಡಿದು ಬಂದೇ ಬಿಟ್ಟ. “ಇದನ್ನ ಟೈಪ್ ಮಾಡಿದ್ದು ಯಾರು?”

ಆರು ತಿಂಗಳಲ್ಲಿ ಮದುವೆ ಗೊತ್ತಾಯಿತು. ಕಟ್ಟಿಕೊಳ್ಳುವವನೇ ತನ್ನ ಕೆಲಸದಲ್ಲಿ ಹುಳುಕು ಕಂಡನಲ್ಲ ಎಂದು ಅವಳಿಗೆ ನಾಚಿಕೆ. ಮದುವೆಗೆ ವಾರ ಇದ್ದಾಗ, ಆಫೀಸಿಗೆ ಬಂದ ರಿಪೇರಿಯವನಿಂದ ಆ ಅಕ್ಷರವನ್ನು ಬೆಸೆಸಿ ನೇರ ಮಾಡಿಸಿದಳು. ಅಷ್ಟರಲ್ಲಿ ಅವನು ಗೋದಾಮು ಬಿಟ್ಟು ಬೇರೆ ಕೆಲಸಕ್ಕೆ ಸೇರಿದ್ದ. ಆಮೇಲಿನ ಪತ್ರಗಳು ಅವನ ಕಣ್ಣಿಗೆ ಬೀಳಲಿಲ್ಲ. ಅವಳೂ ಹೇಳಲಿಲ್ಲ.

*

ದೇಹ ಬಂದು ಹಜಾರದಲ್ಲಿ ಮಲಗಿತ್ತು. ಗುಜರಿಯವನ ಗಾಡಿಯೂ ಬಂದಿತ್ತು. ಅವಳು ಅಂಗಳದಲ್ಲಿ ಕೂತು ಯಂತ್ರಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದಳು.

“ತೂಕಕ್ಕೆ ಹಾಕಲಾ ಅಮ್ಮಾ?”

“ಸ್ವಲ್ಪ ತಡೆಯಪ್ಪ.”

“ಏನು ಹುಡುಕ್ತಿದೀರಿ ಅತ್ತೆ?”

“ಉಗುರುಬಣ್ಣ. ಆಫೀಸಲ್ಲಿ ಯಾರೂ ಎತ್ಕೊಂಡು ಹೋಗಬಾರದು ಅಂತ ನನ್ನ ಮಿಷನ್ನಿನ ತಳಕ್ಕೆ ಒಂದು ಚುಕ್ಕೆ ಇಟ್ಟಿದ್ದೆ.”

ಕೊನೆಗೆ ಉಳಿದದ್ದು ಬಚ್ಚಲ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದ ಯಂತ್ರ. ಅದಕ್ಕೆ ಕಾಲು ಎಡವಿ ಅವಳು ಶಪಿಸದ ದಿನವಿರಲಿಲ್ಲ. ಮಗುಚಿದಳು. ಚುಕ್ಕೆ ಒಣಗಿ ಕಪ್ಪಾಗಿತ್ತು.

“ಇದಾ?” ಎಂದ ಮೆಕ್ಯಾನಿಕ್. “ಇದು ಅವನು ತಂದಿದ್ದರಲ್ಲಿ ಮೊದಲನೇದು.”

ಚೀಟಿಯಲ್ಲಿ ಸಾಲು ನೇರವಾಗಿತ್ತು. ಕೆಳಗೆ ‘ಇದಲ್ಲ’.

“ಒಂದು ಮಾತು ಕೇಳಬಾರದಿತ್ತೇನ್ರೀ,” ಎಂದು ಅವಳು ಅವತ್ತು ಮೊದಲ ಸಲ ಅತ್ತಳು.

ಅಳಿಯ ಕೈಚಾಚಿದರೂ ಕೊಡದೆ, ತಾನೇ ಅದನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಗಂಡನ ತಲೆಯ ಪಕ್ಕ ಇಟ್ಟು ಕೂತು, ಆ ಒಂದು ಕೀಲಿಯನ್ನು ಒತ್ತಿದಳು. ಟಕ್ ಎಂದ ಸದ್ದಿಗೆ ಹಜಾರದಲ್ಲಿದ್ದವರೆಲ್ಲ ತಿರುಗಿದರು. ಅಕ್ಷರ ಮಸುಕಾಗಿ, ಸಾಲಿನಲ್ಲೇ, ನೆಟ್ಟಗೆ ಬಿತ್ತು.