ಎಂಟು ಮಣದ ಅವ್ವ

ಮಧುಗಿರಿಯ ಹುಣಸೆಹಣ್ಣಿನ ಮಂಡಿ ನಾಗಲಿಂಗಯ್ಯ ಬೆಂಗಳೂರಿನಿಂದ ಒಂದು ಹಳೆಯ ಮೋಟಾರು ಕೊಂಡು ತಂದ. ತಂದ ಮೇಲೆ ಗೊತ್ತಾಯಿತು, ಅದು ಮನೆಯ ಹೆಬ್ಬಾಗಿಲಿಗಿಂತ ನಾಲ್ಕು ಬೆರಳು ಎತ್ತರ ಎಂದು. ಬೇರೆ ಯಾರಾದರೂ ಆಗಿದ್ದರೆ ಬಾಗಿಲನ್ನು ಎತ್ತರಿಸುತ್ತಿದ್ದರು. ಆದರೆ ಆ ಬಾಗಿಲ ಮೇಲಿನ ಕಲ್ಲಿನಲ್ಲಿ ಮುತ್ತಜ್ಜ ಕೆತ್ತಿಸಿದ ಬಸವಣ್ಣ ಕೂತಿದ್ದ. ಕೂತ ಬಸವಣ್ಣನನ್ನು ಏಳಿಸುವುದುಂಟೇ? ಮೋಟಾರನ್ನು ಹೊರಗೆ ಮರದಡಿ ನಿಲ್ಲಿಸಿದರೆ ಕಾಗೆಗಳು ಅದಕ್ಕೆ ಸುಣ್ಣ ಬಳಿದವು, ಆಡುಗಳು ನೆತ್ತಿಗೇರಿ ಚಿಗುರು ಮೇಯ್ದವು. ಎಂಟು ದಿನ ತಾಳಿಕೊಂಡ ನಾಗಲಿಂಗಯ್ಯ ಕಮ್ಮಾರ ಸಂಜೀವಯ್ಯನನ್ನು ಕರೆಸಿ, ಗಾಲಿಗಳ ಮೇಲಿನ ಕಮಾನು ಪಟ್ಟಿಗಳಲ್ಲಿ ಎರಡೆರಡನ್ನು ಕಿತ್ತು ಹಾಕಿಸಿದ. ಮೋಟಾರು ಐದು ಬೆರಳು ಕುಸಿದು, ಬಸವಣ್ಣನ ಕೆಳಗೆ ನುಸುಳಿ ಒಳಗೆ ಬಂತು.

"ಊರಾಗೆ ದ್ಯಾವ್ರಿಗೆ ಬಗ್ಗದೆ ಇದ್ದುದ್ದು ಇದೊಂದೇಯ. ಇದ್ನೂ ಬಗ್ಗಿಸ್ಬುಟ್ರಲ್ಲ ಯಜಮಾನ್ರೇ" ಎಂದು ಬೀದಿಯ ಕಾಫಿ ಹೋಟೆಲಿನ ರುದ್ರಯ್ಯ ಹೊಗಳಿದ. ರುದ್ರಯ್ಯನ ಹೊಗಳಿಕೆಯನ್ನು ಊರಿನಲ್ಲಿ ಯಾರೂ ಮನೆಗೆ ಒಯ್ಯುತ್ತಿರಲಿಲ್ಲ.

ಬಾಗಿಲಿಗೆ ಸರಿಹೋದದ್ದು ರಸ್ತೆಗೆ ಸರಿಹೋಗಲಿಲ್ಲ. ಕೊಳಾಲದ ಕಡೆ ಹುಣಸೆ ನೋಡಲು ಹೋದಾಗ ಒಂದು ಗುಂಡುಕಲ್ಲು ಮೋಟಾರಿನ ಹೊಟ್ಟೆಯಡಿ ಬಡಿಯಿತು. ಮುಂದಿನ ಎರಡು ಗಾಲಿಗಳನ್ನು ಜೋಡಿಸಿ ಒಟ್ಟಿಗೆ ತಿರುಗಿಸುವ ಸರಳು ಬಿಲ್ಲಾಯಿತು. ಸಂಜೀವಯ್ಯ ಅದನ್ನು ಕಾಯಿಸಿ ಬಡಿದ. ಸರಳೇನೋ ನೆಟ್ಟಗಾಯಿತು, ಮೋಟಾರು ಮಾತ್ರ ಎಡಕ್ಕೆ ಎಳೆಯತೊಡಗಿತು. ಎರಡು ಸಲ ಚರಂಡಿಗಿಳಿಯಿತು. ಎರಡು ಸಲವೂ ರುದ್ರಯ್ಯನ ಎತ್ತುಗಳು ಅದನ್ನು ಪೇಟೆಯ ನಡುವೆ ಎಳೆದು ತಂದವು. ಎರಡನೆಯ ಸಲ ಅವನು ಎತ್ತಿನ ಕೊಂಬಿಗೆ ಸೇವಂತಿಗೆ ಸುತ್ತಿದ್ದ.

ನಾಗಲಿಂಗಯ್ಯನ ತಾಯಿ ಚನ್ನಮಲ್ಲಮ್ಮ ಜಗಲಿಯ ಮೇಲೆ ಕೂತು ಆ ಮೆರವಣಿಗೆ ನೋಡಿದಳು. ಮನೆಯ ಬೀಗದಕೈಗಳೆಲ್ಲ ಅವಳ ಸೊಂಟದಲ್ಲಿದ್ದವು, ಮನೆಯ ತೀರ್ಮಾನಗಳೆಲ್ಲ ನಾಲಗೆಯ ತುದಿಯಲ್ಲಿ.

"ಲೇ ನಾಗ, ಎತ್ತೇ ಎಳೆಯೋದಾದ್ರೆ ನಮ್ಮ ಬಂಡಿಗೇನು ಕೇಡು ಬಂದಿತ್ತಲಾ? ಸೋಮವಾರ ನಿನ್ನ ತಂಗಿ ಜಗದಾಂಬನ ಮನೆ ಗೃಹಪ್ರವೇಶ. ಶಿರಾಕ್ಕೆ ನನ್ನ ಇದ್ರಾಗೇ ಕರ್ಕೊಂಡೋಗು. ಇನ್ನೊಂದ್ಸಲ ಇದಕ್ಕೆ ಎತ್ತು ಕಟ್ಟಿದ್ದು ಕಂಡ್ರೆ, ಹಿತ್ಲಿಗೆ ತಳ್ಳಿಸಿ ಬೆರಣಿ ತುಂಬಿಸ್ಬುಡ್ತೀನಿ, ನೋಡ್ಕ."

ನಾಗಲಿಂಗಯ್ಯನಿಗೆ ನಲವತ್ತೈದು ವರ್ಷ. ಅಷ್ಟು ವರ್ಷದಲ್ಲಿ ಅವ್ವನನ್ನು ಕೇಳದೆ ಮಾಡಿದ ಕೆಲಸ ಒಂದೇ ಒಂದು, ಮೋಟಾರು ಕೊಂಡದ್ದು. ಅದು ಬೆರಣಿಗೂಡಾಗುವುದನ್ನು ನೋಡಲು ಅವನು ತಯಾರಿರಲಿಲ್ಲ.

ಬುಧವಾರ ಶಿರಾದಿಂದ ಖಲೀಲುಲ್ಲಾನನ್ನು ಕರೆಸಿದ. ಸುತ್ತಣ ನಾಲ್ಕು ತಾಲ್ಲೂಕಿನ ಎತ್ತಿನ ಗಾಡಿಗಳಿಗೆ ಗಾಲಿ ಕಟ್ಟಿದ ಕೈ ಅದು. ಮೋಟಾರನ್ನು ಒಂದು ಸುತ್ತು ಬಂದು, "ಗಾಲಿ ಅಂದ್ರೆ ಗಾಲಿ. ಎತ್ತಿಂದಾದ್ರೇನು, ಎಣ್ಣೇದಾದ್ರೇನು" ಎಂದು ಅಂಗಳದಲ್ಲೇ ಕೂತ. ಮುಂದಿನ ಎರಡು ಗಾಲಿಗೂ ಸುಣ್ಣದ ಗುರುತು ಹಾಕಿದ. ಬಿದಿರ ಕೋಲು ಹಿಡಿದು ಗಾಲಿಗಳ ನಡುವಿನ ಅಗಲವನ್ನು ಒಮ್ಮೆ ಮುಂಬದಿಯಲ್ಲಿ, ಒಮ್ಮೆ ಹಿಂಬದಿಯಲ್ಲಿ ಅಳೆದ.

"ದೇಖೋ ಯಜಮಾನ್ರೇ, ಮುಂದ್ಗಡೆ ಎರಡು ಬೆರಳು ಅಗಲ ಜಾಸ್ತಿ ಐತೆ. ಜಗಳ ಆಡಿದ ಜೋಡೆತ್ತಿನಂಗೆ ಒಂದರ ಮಾರಿ ಆ ಕಡೆ, ಇನ್ನೊಂದರದ್ದು ಈ ಕಡೆ. ಮುಂದ್ಗಡೆ ಒಂದು ಕಡ್ಲೆಕಾಳಷ್ಟು ಕಮ್ಮೀನೇ ಇರ್ಬೇಕು, ಆಗ ನೆಟ್ಟಗೆ ಓಡ್ತದೆ."

ಸರಳಿನ ತುದಿಯಲ್ಲಿ ತಿರುಪಿತ್ತು. ಖಲೀಲುಲ್ಲಾ ಅಂಗಾತ ಮಲಗಿ ಅದನ್ನು ತಿರುಗಿಸಿದ, ಎದ್ದು ಅಳೆದ, ಮತ್ತೆ ಮಲಗಿದ. ಮಧ್ಯಾಹ್ನದ ಹೊತ್ತಿಗೆ ಕೋಲು ಹೇಳಿದ್ದು ಸರಿಯಾಯಿತು. ನಾಗಲಿಂಗಯ್ಯ ಒಬ್ಬನೇ ಕೂತು ಬೆಟ್ಟದ ಬುಡದವರೆಗೆ ಹೋಗಿ ಬಂದ. ನೂಲು ಹಿಡಿದಂತೆ ಓಡಿತು. ಹಿಗ್ಗಿ ಹೀರೇಕಾಯಾಗಿ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ನಾಲ್ಕು ಮನೆ ದಾಟುವಷ್ಟರಲ್ಲಿ ಮೋಟಾರು ಎಡಕ್ಕೆ ಹೊರಳಿ ರುದ್ರಯ್ಯನ ಹೋಟೆಲಿನ ಮೆಟ್ಟಿಲೇರಿ ನಿಂತಿತು.

"ಅಮ್ಮಾವ್ರಿಗೊಂದು ಕಾಫೀ" ಎಂದು ರುದ್ರಯ್ಯ ಒಳಕ್ಕೆ ಕೂಗಿದ.

ಎತ್ತು ಬೇಕಾಗಲಿಲ್ಲ, ಮೋಟಾರು ತಾನೇ ಹಿಂದಕ್ಕೆ ಬಂತು. ಚನ್ನಮಲ್ಲಮ್ಮ ಮನೆಗೆ ಬಂದು ಇಳಿದವಳು ಹಿತ್ತಲಿಗೆ ಹೋಗಿ ಬೆರಣಿ ಎಷ್ಟಿದೆ ಎಂದು ನೋಡಿ ಬಂದಳು.

ಖಲೀಲುಲ್ಲಾ ಗಡ್ಡ ಕೆರೆದುಕೊಂಡ. "ಪಟ್ಟಿ ಕಿತ್ತಾಕಿದ ಕಮಾನಲ್ವಾ? ಅಮ್ಮಾವ್ರು ಕೂತ್ರೆ ಕುಸೀತದೆ, ಕುಸಿದ್ರೆ ಸರಳು ಜರುಗ್ತದೆ. ಖಾಲಿ ಗಾಡೀದು ಅಳತೆ ತುಂಬಿದ ಗಾಡಿಗೆ ಬರಲ್ಲ. ಅಮ್ಮಾವ್ರನ್ನ ಕೂರಿಸ್ಕೊಂಡೇ ಅಳೀಬೇಕು."

"ನಿಂತ ಮೋಟಾರಿನಾಗೆ ಅರ್ಧ ದಿನ ಕೂರೋಕೆ ನಾನೇನು ಉತ್ಸವಮೂರ್ತಿಯಾ?" ಎಂದು ಒಳಗಿನಿಂದ ಅವ್ವನ ದನಿ ಬಂತು.

"ಅಂಗಾದ್ರೆ ಅಷ್ಟೇ ತೂಕದ ಮೂಟೆ ಇಡಣ. ಅಮ್ಮಾವ್ರ ತೂಕ ಎಷ್ಟು..." ಎನ್ನುವಷ್ಟರಲ್ಲಿ ನಾಗಲಿಂಗಯ್ಯ ಅವನ ಬಾಯಿಗೆ ಕೈ ಅಡ್ಡ ಹಿಡಿದ. ಹೆತ್ತವಳನ್ನು ತಕ್ಕಡಿಗೆ ಹಾಕಿದ ಮಗನಿಗೆ ಆ ಮನೆಯಲ್ಲಿ ಊಟ ಹುಟ್ಟುತ್ತಿರಲಿಲ್ಲ.

ಆದರೆ ದೇವರ ಹೆಸರಿನಲ್ಲಿ ಹಾಕಬಹುದಲ್ಲ! ಬೆಳಗಾಗೆದ್ದು ನಾಗಲಿಂಗಯ್ಯ ಹಣೆತುಂಬ ವಿಭೂತಿ ಬಳಿದುಕೊಂಡು ಅವ್ವನ ಮುಂದೆ ನಿಂತ. ಕನಸಿನಲ್ಲಿ ಮಲ್ಲೇಶ್ವರ ಬಂದಿದ್ದನಂತೆ. "ನಿಮ್ಮವ್ವನಿಗೆ ಬೆಲ್ಲದಲ್ಲಿ ತುಲಾಭಾರ ಮಾಡಿಸು" ಎಂದನಂತೆ. ಇಷ್ಟು ದೊಡ್ಡ ಸುಳ್ಳನ್ನು ಅವನು ಮಂಡಿಯಲ್ಲಿ ಕೂಡ ಹೇಳಿರಲಿಲ್ಲ.

ಶುಕ್ರವಾರ ಗುಡಿಯಲ್ಲಿ ಮಂಡಿಯ ದೊಡ್ಡ ತಕ್ಕಡಿ ಕಟ್ಟಿದರು. ಚನ್ನಮಲ್ಲಮ್ಮ ಸೆರಗನ್ನು ಬಿಗಿಯಾಗಿ ಹೊದ್ದು ಒಂದು ತಟ್ಟೆಯಲ್ಲಿ ಕೂತಳು. ಇನ್ನೊಂದರಲ್ಲಿ ಬೆಲ್ಲ ಏರಿತು. ಎಂಟು ಮಣ, ಅದರ ಮೇಲೆ ಎರಡು ಅಚ್ಚು. "ಮಗ ಅಂದ್ರೆ ಇಂಗಿರ್ಬೇಕು ಕಣಮ್ಮ" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಅವ್ವನ ಕಣ್ಣೂ ಒದ್ದೆಯಾಗಿದ್ದನ್ನು ಕಂಡು ನಾಗಲಿಂಗಯ್ಯನಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಹಾಗಂತ ಎಂಟು ಮಣ ಎರಡು ಅಚ್ಚು ಎನ್ನುವುದನ್ನು ಮಾತ್ರ ಮರೆಯಲಿಲ್ಲ.

ಶನಿವಾರ ಅವ್ವ ಪೂಜೆಗೆ ಕೂತ ಹೊತ್ತು ನೋಡಿ ಹಿಂದಿನ ಸೀಟಿಗೆ ಎಂಟು ಮಣದ ಹುಣಸೆ ಮೂಟೆ ಏರಿಸಿದರು. ನಾಗಲಿಂಗಯ್ಯ ವ್ಯಾಪಾರದಲ್ಲಿ ಎಂಥವನಾದರೂ ತೂಕದಲ್ಲಿ ಪ್ರಾಮಾಣಿಕ. ಎರಡು ಅಚ್ಚು ಬೆಲ್ಲವನ್ನೂ ತಂದು ಮೇಲಿಟ್ಟ. ಮೋಟಾರು ಅವ್ವ ಕೂತಾಗ ಕುಸಿದಷ್ಟೇ ಕುಸಿಯಿತು. ಖಲೀಲುಲ್ಲಾ ಇನ್ನೇನು ತಿರುಪಿಗೆ ಕೈ ಹಾಕಬೇಕು, ಪಡಸಾಲೆಯ ಬಾಗಿಲಲ್ಲಿ ಬೀಗದಕೈ ಸದ್ದಾಯಿತು.

ಚನ್ನಮಲ್ಲಮ್ಮ ಮೂಟೆಗಳನ್ನು ನೋಡಿದಳು. ಮೇಲಿದ್ದ ಎರಡು ಅಚ್ಚು ಬೆಲ್ಲ ನೋಡಿದಳು. ಆಮೇಲೆ ಮಗನನ್ನು ನೋಡಿದಳು.

"ಸಾಬ್ರೇ, ಆ ಎರಡು ಅಚ್ಚು ಕೆಳಗಿಳ್ಸಿ" ಎಂದಳು. "ನಿನ್ನೆ ಸೆರಗಿನೊಳ್ಗೆ ಕಬ್ಬಿಣದ ಕುಟ್ಟಾಣಿ ಇಟ್ಕೊಂಡಿದ್ದೆ, ಕಣಜದ ಬೀಗಾನೂ ಇಟ್ಕೊಂಡಿದ್ದೆ. ದ್ಯಾವ್ರಿಗೆ ಒಂದೀಟು ಜಾಸ್ತಿ ಹೋಗ್ಲಿ ಅಂತ."

"ಅವ್ವಾ, ತಪ್ಪಾಯ್ತು" ಎಂದ ನಾಗಲಿಂಗಯ್ಯ.

"ನೀನೂ ಆ ಮಲ್ಲೇಶ್ವರನ ಮುಂದೆ ಸುಳ್ಳಾಡ್ದೆ, ನಾನೂ ಆಡ್ದೆ. ನನ್ನ ಸುಳ್ಳಿನಾಗೆ ಅವನಿಗೆ ಲಾಭ ಐತೆ. ನಿಂದ್ರಾಗೆ?" ಅವಳು ಸೆರಗು ಸಿಕ್ಕಿಸಿಕೊಂಡಳು. "ಮೂಟೆ ಇಳಿಸ್ರಲಾ. ನಾನೇ ಕೂರ್ತೀನಿ. ಮೊದ್ಲೇ ಕೈ ಮುಗ್ದು ಕೇಳಿದ್ರೆ ಬೆಲ್ಲನಾದ್ರೂ ಉಳೀತಿತ್ತು, ಮೂಳ."

ಅರ್ಧ ದಿನ ಅವಳು ನಿಂತ ಮೋಟಾರಿನಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತಳು. ಖಲೀಲುಲ್ಲಾ ಕೆಳಗೆ ತಿರುಪು ತಿರುಗಿಸಿದ. ಸೋಮವಾರ ಮೋಟಾರು ಶಿರಾದವರೆಗೆ ಎಡಕ್ಕೂ ಹೊರಳಲಿಲ್ಲ, ಬಲಕ್ಕೂ ಹೊರಳಲಿಲ್ಲ.

ಗೃಹಪ್ರವೇಶ ಮುಗಿದ ಮೇಲೆ ತಂಗಿ ಜಗದಾಂಬ ಅವ್ವನ ಸೆರಗು ಹಿಡಿದಳು. "ಒಂದು ತಿಂಗಳಾದ್ರೂ ಇರವ್ವಾ. ಒಂದಿನಾನಾದ್ರೂ ಅಣ್ಣನ್ನ ಬುಟ್ಟು ಇದ್ದೀಯಾ?" ನಾಗಲಿಂಗಯ್ಯನಿಗೆ ವಾಪಸು ದಾರಿ ನೆನಪಾಯಿತು. ಅವ್ವನಿಲ್ಲದ ಮೋಟಾರು ಯಾವ ಚರಂಡಿಗೆ ಇಳಿಯುತ್ತದೋ, ಅಲ್ಲಿಗೆ ಎತ್ತು ಬರಬೇಕು, ಆಮೇಲೆ ಬೆರಣಿ. ಇರಬೇಡ ಎನ್ನುವುದು ನಾಲಗೆಯ ತುದಿಗೆ ಬಂತು. ಆದರೆ ಮಗಳ ಹೊಸ ಮನೆಯ ಕಂಬ ಸವರುತ್ತಿದ್ದ ಅವ್ವನ ಕೈ ನೋಡಿದ. "ಇರು ಅವ್ವಾ" ಎಂದ.

ಊಟ ಮುಗಿಸಿ ಹೊರಗೆ ಬಂದರೆ ಹಿಂದಿನ ಸೀಟಿನಲ್ಲಿ ನಾಲ್ಕು ಮೂಟೆ ಕೂತಿದ್ದವು. ಅವುಗಳ ಮೇಲೆ ಅವ್ವನ ಹಳೆಯ ಕಂಬಳಿ ಹೊದಿಸಿತ್ತು. ಪಕ್ಕದಲ್ಲಿ ಚನ್ನಮಲ್ಲಮ್ಮ ನಿಂತಿದ್ದಳು.

"ಬೀಗರ ತಕ್ಕಡೀಲಿ ತೂಗ್ಸಿವ್ನಿ. ಎಂಟು ಮಣ. ಕುಟ್ಟಾಣಿ ಬಿಟ್ಟು" ಎಂದಳು. "ಇದು ನಾನೇ ಅನ್ಕೊಂಡು ನಿಧಾನಕ್ಕೆ ಹೋಗು."

ನಾಗಲಿಂಗಯ್ಯ ನಿಧಾನಕ್ಕೇ ಹೋದ. ಹಳ್ಳ ಬಂದಾಗ "ಹುಷಾರು ಅವ್ವಾ" ಎಂದು ಎರಡು ಸಲ ಬಾಯಿಂದ ಬಂದೂಬಿಟ್ಟಿತು. ಮಧುಗಿರಿಯ ಪೇಟೆಯ ಬಾಯಲ್ಲಿ ರುದ್ರಯ್ಯ ಎತ್ತುಗಳಿಗೆ ಸೇವಂತಿಗೆ ಸುತ್ತಿ ಹಗ್ಗ ಹಿಡಿದು ನಿಂತಿದ್ದ. ಮೋಟಾರು ಅವನ ಮುಂದೆಯೇ ನೆಟ್ಟಗೆ ಹಾದು, ಬಸವಣ್ಣನ ಕೆಳಗೆ ತೂರಿ ಒಳಗೆ ನಿಂತಿತು.

ಹೆಂಡತಿ ಕಮಲಾಕ್ಷಮ್ಮ ಮೂಟೆ ಇಳಿಸಲು ಆಳು ಕರೆದಳು. "ಮುಟ್ಟಬ್ಯಾಡಿ" ಎಂದ ನಾಗಲಿಂಗಯ್ಯ. "ಅವ್ವ ಬರೋಗಂಟ ಅಲ್ಲೇ ಇರ್ಲಿ."

ಮರುವಾರ ವೈ.ಎನ್.ಹೊಸಕೋಟೆಯಿಂದ ಮೂವತ್ತು ಬಂಡಿ ಕಡಲೆಕಾಯಿ ಮಾರಾಟಕ್ಕೆ ಬಂತು, ಸಂಜೆಯೊಳಗೆ ಉತ್ತರ ಬೇಕು ಎಂದು. ಕಮಲಾಕ್ಷಮ್ಮ ಅಂಗಳಕ್ಕೆ ಬಂದು ನೋಡಿದರೆ ಗಂಡ ಮೋಟಾರಿನ ಮುಂದಿನ ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗಿ, ಕೊಳ್ಳಲೋ ಬೇಡವೋ ಎಂದು ಮೂಟೆಗಳನ್ನು ಕೇಳುತ್ತಿದ್ದ. ಬಹಳ ಹೊತ್ತು ಕಾದ. ಮೂಟೆಗಳು ಏನೂ ಅನ್ನಲಿಲ್ಲ. ಕೊನೆಗೆ ಕೆಳಗಿಳಿದು, ಪಂಚೆ ಕೊಡವಿಕೊಂಡು, ಹೋಗಿ ಕೊಂಡ.