ಬಂಡೆ ಅಲುಗಿದ ದಿನ

ನಮ್ಮಪ್ಪ ಮೂವತ್ತೈದು ವರ್ಷ ಭೂಕಂಪ ಅಳೆದರು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಭೂಕಂಪವೂ ಅವರ ಅನುಭವಕ್ಕೆ ಬರಲಿಲ್ಲ. ನಗಬೇಡಿ, ನಗುವ ಹಕ್ಕು ಮೊದಲು ಮನೆಯವರದು, ನಾವು ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದೇವೆ. ನೆಲ ನಡುಗಿದಾಗಲೆಲ್ಲ ಅವರು ಒಂದೋ ಸ್ಕೂಟರಿನ ಮೇಲಿರುತ್ತಿದ್ದರು, ಇಲ್ಲವೇ ಗೊರಕೆ ಹೊಡೆಯುತ್ತಿದ್ದರು. ಹೊಲಿಗೆ ಕೆಲಸದ ಅಮ್ಮನಿಗೆ ಮಾತ್ರ ಸಣ್ಣಪುಟ್ಟದ್ದೂ ತಪ್ಪುತ್ತಿರಲಿಲ್ಲ. ಸೂಜಿಯ ಕಣ್ಣಿಗೆ ದಾರ ಹೋಗದಿದ್ದರೆ ಸಾಕು, "ಬಂತು ನೋಡು" ಅನ್ನುತ್ತಿದ್ದಳು. ಹಾಗೆಯೇ ಮುಂದುವರಿಸಿ, "ನಿಮ್ಮಪ್ಪಂಗೆ ಭೂಮಿ ಬಿರಿದ್ರೂ ಗೊತ್ತಾಗಲ್ಲ ಕಣೇ" ಅನ್ನುತ್ತಿದ್ದಳು. ಕಚೇರಿಯಲ್ಲಿ ಬೆನ್ನ ಹಿಂದೆ ಅಪ್ಪನಿಗೆ ಬಂಡೆ ಎಂದೇ ಹೆಸರು.

ಆ ಕಚೇರಿಯಲ್ಲಿ ನಾನೂ ಇದ್ದೇನೆ, ಆದರೆ ನಮ್ಮಿಬ್ಬರ ಕೆಲಸ ಬೇರೆ. ಅಪ್ಪನದು ಪ್ರಮಾಣ. ನೆಲಮಾಳಿಗೆಯ ಕಂಪನಮಾಪಕ ಗೀಚಿದ ಗೆರೆ ಎಷ್ಟು ಎತ್ತರ ಎದ್ದಿದೆ, ಕಂಪನ ಎಷ್ಟು ದೂರದಿಂದ ಬಂದಿದೆ ಎಂದು ನೋಡಿ, ಇಡೀ ಭೂಕಂಪಕ್ಕೆ ಒಂದೇ ಅಂಕಿ ಕೊಡುವುದು. ನನ್ನದು ತೀವ್ರತೆ. ಅದು ಊರಿಗೊಂದು, ಮನೆಗೊಂದು. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ಹುರಿದದ್ದು ಒಂದೇ ಬಾಣಲೆ, ಆದರೆ ಪಕ್ಕದಲ್ಲಿದ್ದವರು ಕೆಮ್ಮಿ ಕಣ್ಣೀರಿಡುತ್ತಾರೆ, ಹಜಾರದವರು ಸೀನುತ್ತಾರೆ, ಮಹಡಿಯವರು "ಏನೋ ವಾಸನೆ" ಅನ್ನುತ್ತಾರೆ. ಬಾಣಲೆಯಲ್ಲಿ ಎಷ್ಟಿತ್ತು ಎಂಬುದು ಅಪ್ಪನ ಲೆಕ್ಕ, ಯಾರು ಎಷ್ಟು ಕೆಮ್ಮಿದರು ಎಂಬುದು ನನ್ನದು. ಅದಕ್ಕೆ ಯಂತ್ರವಿಲ್ಲ, ಜನರನ್ನೇ ಕೇಳಬೇಕು. ತೂಗುದೀಪ ಆಡಿತೇ, ಪಾತ್ರೆ ಗಲಗುಟ್ಟಿತೇ, ಮಲಗಿದ್ದವರು ಎದ್ದರೇ? "ನಂಗೇನೂ ಗೊತ್ತಾಗ್ಲಿಲ್ಲ" ಎಂಬ ಉತ್ತರವೂ ಲೆಕ್ಕಕ್ಕೆ ಬೇಕು. ಆ ಉತ್ತರಕ್ಕೆ ನಾನು ಎಂದೂ ಹುಡುಕಾಡಿದ್ದಿಲ್ಲ, ಮನೆಯಲ್ಲೇ ಸಿಗುತ್ತಿತ್ತು.

ಅಪ್ಪನ ನಿವೃತ್ತಿಯ ವಾರದಲ್ಲೇ ಒಂದು ಮಧ್ಯಮ ಗಾತ್ರದ ಭೂಕಂಪವಾಯಿತು. ಯಾರಿಗೂ ಏನೂ ಆಗಲಿಲ್ಲ, ಒಂದಿಷ್ಟು ಜಾಡಿಗಳು ಒಡೆದವು. ನನ್ನ ಫೋನಿಗೆ ಪುರುಸೊತ್ತೇ ಇರಲಿಲ್ಲ. ಅಲ್ಮಾರಿಯೇ ಉರುಳಿತು ಎಂದ ಮಹಾಶಯರೊಬ್ಬರು ನಾಲ್ಕು ಪ್ರಶ್ನೆ ಕೇಳಿದ ಮೇಲೆ ಅದನ್ನು ಒಂದು ಲೋಟಕ್ಕೆ ಇಳಿಸಿದರು. ಅಪ್ಪ ಎಂದಿನಂತೆ ಸ್ಕೂಟರಿನ ಮೇಲಿದ್ದರು.

"ರಸ್ತೆ ಅಂದ್ರೆ ಹೀಗೇ ಅಲ್ವಾ ಅಂದ್ಕೊಂಡೆ," ಎಂದರು ರಾತ್ರಿ ಊಟಕ್ಕೆ ಕೂತಾಗ.

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪ ನಗಲಿಲ್ಲ. ಅನ್ನ ಕಲಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ.

"ಅಲ್ವೇ ಮಗಳೇ, ಇಷ್ಟು ವರ್ಷ ಅದರ ಹಿಂದೇನೇ ತಿರುಗಿದೀನಿ. ಒಂದ್ಸಲನಾದ್ರೂ ನನ್ನ ಮುಟ್ಟಿ ಹೋಗಬಾರದಾ? ನಾಳಿದ್ದು ಆಫೀಸಿನ ಬಾಗಿಲು ಎಳ್ಕೊಂಡು ಬಂದ್ಬಿಟ್ರೆ ಮುಗೀತು."

ಅಮ್ಮ ಅಣಕಿಸದೆ ಅವರ ತಟ್ಟೆಗೆ ತುಪ್ಪ ಬಡಿಸಿದಳು, ಅದು ನಮ್ಮ ಮನೆಯಲ್ಲಿ ಭೂಕಂಪಕ್ಕಿಂತ ಅಪರೂಪ.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಹೊಸ ಮಾಪಕ ಕೂರಿಸಿದಾಗ ಅದಕ್ಕೆ ಜೀವ ಇದೆಯೇ ಎಂದು ನೋಡಲು ಯಾರಾದರೂ ಅದರ ಹತ್ತಿರ ಕುಪ್ಪಳಿಸುತ್ತಾರೆ. ಪರದೆಯ ಮೇಲೆ ಗೆರೆ ಎದ್ದರೆ ಯಂತ್ರ ಸರಿಯಿದೆ ಎಂದರ್ಥ. ಬೀಳ್ಕೊಡುಗೆಗೆ ಶಾಲು, ಗಡಿಯಾರ ಎಂದು ಚರ್ಚೆ ನಡೆಯುತ್ತಿದ್ದಾಗ ನಾನು ಹೇಳಿದೆ, "ಅದೆಲ್ಲ ಬೇಡ. ಎಲ್ಲರೂ ಸೇರಿ ಕುಪ್ಪಳಿಸೋಣ. ಅಪ್ಪಂಗೆ ಒಂದು ಭೂಕಂಪ ಕೊಡೋಣ." ನಿರ್ದೇಶಕಿ ಮೇಡಂ ಗಂಭೀರವಾಗಿ ಯೋಚಿಸಿ, "ಚಪ್ಪಲಿ ಬಿಟ್ಟು ಬನ್ನಿ," ಎಂದರು.

ಬೀಳ್ಕೊಡುಗೆಯ ಸಂಜೆ ನಡುಮನೆಯಷ್ಟಿದ್ದ ನಮ್ಮ ಸಭಾಂಗಣದಲ್ಲಿ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದೆವು. ಕೈಗೆ ನೀರು ತುಂಬಿದ ಲೋಟ ಕೊಟ್ಟೆವು. "ಕಣ್ಮುಚ್ಚಿ, ಅಲ್ಲಾಡಬೇಡಿ," ಎಂದಳು ಅಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. ಮೇಡಂ ಮೂರು ಎಣಿಸಿದರು. ಇಡೀ ಕಚೇರಿ ದಡಬಡ ಹಾರಿತು. ಲೆಕ್ಕಪತ್ರದವರ ಕನ್ನಡಕ ಹಾರಿತು. ಅಮ್ಮ ಎಲ್ಲರಿಗಿಂತ ಎತ್ತರಕ್ಕೆ ಹಾರುತ್ತಿದ್ದಳು, ಆ ವಯಸ್ಸಿನಲ್ಲಿ!

"ನಿಲ್ಲಿ! ನಿಲ್ಲಿ ಎಲ್ಲರೂ!" ಎಂದು ಅಪ್ಪ ಕೂಗಿದರು.

ನಿಂತೆವು. ಅಪ್ಪ ಕಣ್ಣು ತೆರೆದಿದ್ದರು. ಲೋಟದ ನೀರು ಅಂಗಿಯ ಮೇಲಿತ್ತು.

"ಬಂತು ಕಣ್ರೋ. ನಿಜವಾದದ್ದು."

ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ಉಡುಗೊರೆ ಇಷ್ಟವಾಯಿತು ಎಂದುಕೊಂಡೆವು.

"ಅಯ್ಯೋ, ಚಪ್ಪಾಳೆ ಬೇಡ! ನಿಮ್ಮ ಕುಣಿತ ಮೇಲಕ್ಕೆ ಕೆಳಕ್ಕೆ. ಇದು ಪಕ್ಕಕ್ಕೆ. ಯಾರೋ ಕುರ್ಚಿ ಹಿಡಿದು ಮೆತ್ತಗೆ ಎಳೆದ ಹಾಗಾಯ್ತು."

"ಹೌದು ಸರ್, ಹೌದು," ಎಂದರು ಪಾಳಿಯಲ್ಲಿದ್ದ ಎಂಜಿನಿಯರ್, ಮಗುವಿಗೆ ಹೇಳುವ ಹಾಗೆ.

ನನಗೆ ಮೈ ಉರಿಯಿತು. ಮೂವತ್ತೈದು ವರ್ಷ ಒಂದು ಸುಳ್ಳು ಗೆರೆಯನ್ನೂ ಒಪ್ಪದ ಮನುಷ್ಯನಿಗೆ ಆ 'ಹೌದು'! ಆದರೆ ನಿಜ ಹೇಳಬೇಕೆಂದರೆ ನನಗೂ ನಂಬಿಕೆ ಬಂದಿರಲಿಲ್ಲ. ನೆಲಮಾಳಿಗೆಯ ಮಾಪಕವನ್ನು ಕೇಳೋಣವೆಂದರೆ ನಾವೇ ಅದರ ಗೆರೆಯನ್ನು ಕುಣಿದು ಹಾಳುಮಾಡಿದ್ದೆವು. ಸಭಾಂಗಣದ ಮೂಲೆಯಲ್ಲಿದ್ದ ಪರದೆಯ ತುಂಬ ನಮ್ಮದೇ ಕಾಲುಗಳ ಗೀಚು. ಅಪ್ಪನಿಗೆ ಬಂದದ್ದು ಭೂಕಂಪವೇ ಆಗಿದ್ದರೆ, ಅದರ ಸಾಕ್ಷಿಯನ್ನು ಅಳಿಸಿದವರು ನಾವು.

"ಗುಡ್ಡದ ಕೇಂದ್ರದ್ದು ತೆಗೀರಿ," ಎಂದೆ. ಅಲ್ಲಿ ಕಲ್ಲಿನ ಮೇಲೆ ಇನ್ನೊಂದು ಮಾಪಕವಿದೆ, ಕುಣಿಯಲು ಮಾತ್ರ ಯಾರೂ ಇಲ್ಲ.

ಎಂಜಿನಿಯರ್ ಕೀಲಿ ಒತ್ತಿದರು. ಆ ಗೆರೆ ನಮ್ಮ ಪರದೆಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಪ್ಪ ಪರದೆ ನೋಡಲು ಬರಲಿಲ್ಲ. ಕುರ್ಚಿಯಲ್ಲೇ ಕೂತು ಒದ್ದೆ ಅಂಗಿಯನ್ನು ಸವರಿಕೊಳ್ಳುತ್ತಿದ್ದರು. ದೇವರೇ, ಇವತ್ತೊಂದು ದಿನ ಭೂಮಿ ನಡುಗಿರಲಿ ಎಂದು ಬೇಡಿಕೊಂಡೆ. ಇಂಥ ಬೇಡಿಕೆ ಬೇರೆ ಯಾವ ಕಚೇರಿಯಲ್ಲಿ ಕೇಳಿಬಂದೀತು?

ಸಪಾಟು ಗೆರೆ ಬಂತು, ಮತ್ತೂ ಸಪಾಟು. ಆಮೇಲೆ ಒಂದು ಸಣ್ಣ ಚಿಗುರು, ಅದರ ಹಿಂದೆಯೇ ದೊಡ್ಡ ಅಲೆ.

"ಮರುಕಂಪನ!" ಎಂದು ಎಂಜಿನಿಯರ್ ಕಿರುಚಿದರು. "ಮೊನ್ನೆಯ ಭೂಕಂಪದ್ದೇ ಬಾಲ. ನಾವು ಹಾರ್ತಿದ್ದ ಹೊತ್ತಿಗೇ! ಸರ್, ಕ್ಷಮಿಸಿ ಸರ್!"

ಈ ಸಲ ಯಾರೂ ಹೇಳದೆಯೇ ಎಲ್ಲರೂ ಕುಪ್ಪಳಿಸಿದರು. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಮೂಗು ಒರೆಸಿಕೊಂಡು ಪ್ರಶ್ನಾವಳಿ ಎತ್ತಿಕೊಂಡು ಅಪ್ಪನ ಮುಂದೆ ಕೂತೆ. ಕೆಲಸ ಕೆಲಸವೇ.

"ಕಂಪನ ಆದಾಗ ಏನ್ಮಾಡ್ತಿದ್ರಿ?"

"ಸುಮ್ನೆ ಕೂತಿದ್ದೆ." ಅಪ್ಪನ ಬೆನ್ನು ನೆಟ್ಟಗಾಗಿತ್ತು.

"ಜೊತೇಲಿದ್ದೋರಿಗೆ ಗೊತ್ತಾಯ್ತಾ?"

"ಒಬ್ರಿಗೂ ಇಲ್ಲ," ಎಂದರು, ಒಂದೊಂದು ಅಕ್ಷರವನ್ನೂ ಚಪ್ಪರಿಸಿ.

"ಭಯ ಆಯ್ತಾ? ಇಲ್ಲ, ಸ್ವಲ್ಪ, ತುಂಬಾ?"

"ಖುಷಿ ಆಯ್ತು ಅಂತ ಬರಿ."

"ಅದಕ್ಕೆ ಜಾಗ ಇಲ್ಲಪ್ಪ."

"ಜಾಗ ಮಾಡು."

ಅಂಚಿನಲ್ಲಿ ದೊಡ್ಡದಾಗಿ ಬರೆದೆ. ಆಗಲೇ ಅಮ್ಮನಿಗೆ ವಿಷಯ ಹೊಳೆದದ್ದು. ಸೊಂಟದ ಸೆರಗು ಬಿಚ್ಚುತ್ತಿದ್ದವಳು ಅಲ್ಲೇ ನಿಂತಳು.

"ಅಂದ್ರೆ ಇದು ನಂಗೆ ತಪ್ಪೋಯ್ತಾ?"

"ಭೂಮಿ ಬಿರಿದ್ರೂ ನಿಂಗೆ ಗೊತ್ತಾಗಲ್ಲ ಬಿಡು," ಎಂದರು ಅಪ್ಪ, ಬಹಳ ಮೃದುವಾಗಿ.

ಅಮ್ಮ ದುರುಗುಟ್ಟಿ ನೋಡಿದಳು. ಇನ್ನೊಂದು ಕುರ್ಚಿ ಎಳೆದು, ಅಂಗೈ ಎರಡನ್ನೂ ಮಂಡಿಯ ಮೇಲಿಟ್ಟು ಕೂತಳು. "ಬಾಲ ಇನ್ನೂ ಇರ್ಬೋದಲ್ವಾ?" ಎಂದಳು. ಇರಬಹುದು ಎಂದರು ಮೇಡಂ, ತಾವೂ ಕೂತರು. ಹಾಗೆ ಒಬ್ಬೊಬ್ಬರಾಗಿ ಇಡೀ ಕಚೇರಿ ಗೋಡೆಯ ಉದ್ದಕ್ಕೆ ಉಸಿರು ಬಿಗಿಹಿಡಿದು ಕೂತಿತು. ಬೀಳ್ಕೊಡುಗೆಗೆಂದು ತರಿಸಿದ್ದ ಚಹಾ ಆರುತ್ತಿತ್ತು.

ಅಪ್ಪ ಎದ್ದು ಒಬ್ಬರೇ ಓಡಾಡುತ್ತ ಎಲ್ಲರಿಗೂ ಚಹಾ ಬಗ್ಗಿಸತೊಡಗಿದರು.

"ರೀ, ನಡೀಬೇಡಿ!" ಎಂದು ಅಮ್ಮ ಪಿಸುಗುಟ್ಟಿದಳು. "ನೆಲ ಅಲುಗ್ತಿದೆ!"